ನೀರು ಬಾರದ ಕಣಿವೆ

ಕಾರಿನಲ್ಲಿ ಕಾಗದದ ಮ್ಯಾಪ್ ಮಡಚಿಟ್ಟುಕೊಂಡು ಓಡಾಡುತ್ತಿದ್ದ ಕಾಲವದು. ಇಂಡಿಯಾಕ್ಕೆ ಫೋನ್ ಮಾಡಬೇಕೆಂದರೆ ಕಾಲಿಂಗ್ ಕಾರ್ಡಿನ ಹಿಂದಿನ ಬೂದು ಪಟ್ಟಿಯನ್ನು ನಾಣ್ಯದಿಂದ ಕೆರೆದು, ಉದ್ದದ ನಂಬರು ಒತ್ತಿ, ಆ ಕಡೆಯಿಂದ ‘ಹಲೋ’ ಕೇಳುವಷ್ಟರಲ್ಲಿ ಹೇಳಬೇಕಾದದ್ದೆಲ್ಲ ಮರೆತುಹೋಗಿರುತ್ತಿತ್ತು. ಆ ದಿನಗಳಲ್ಲಿ ಅಮೆರಿಕಕ್ಕೆ ಬಂದ ನಿಮಗೆಲ್ಲ ಇದು ನೆನಪಿರಬೇಕು. ನಿಮ್ಮಲ್ಲಿ ಹೆಚ್ಚಿನವರು ಬಂದಿಳಿದದ್ದು ಎಡಿಸನ್ನಿನಲ್ಲೋ ಈಸ್ಟ್ ಬ್ರನ್ಸ್‌ವಿಕ್‌ನಲ್ಲೋ. ನಾವು ಮಾತ್ರ ನ್ಯೂಜೆರ್ಸಿಯ ವಾಯವ್ಯ ಮೂಲೆಗೆ ಹೋಗಿ ಬಿದ್ದೆವು. ಅಲ್ಲಿ ಕಿಟಟಿನಿ ಎಂಬ ಉದ್ದನೆಯ ಬೆಟ್ಟಸಾಲಿದೆ. ಅದರ ಬುಡದಲ್ಲಿ ಒಂದು ಚರ್ಚು, ಒಂದು ಗ್ಯಾಸ್ ಸ್ಟೇಷನ್ನು, ಒಂದು ಕ್ಲಿನಿಕ್ಕು ಇದ್ದ ಊರು.

ನನ್ನ ಅವ್ವ ಡಾಕ್ಟರು. ಇಲ್ಲಿ ಓದು ಮುಗಿಸಿದ ಮೇಲೆ ದೇಶದಲ್ಲಿ ಉಳಿಯಬೇಕೆಂದರೆ ಬೇರೆ ಡಾಕ್ಟರುಗಳು ಹೋಗದ ಜಾಗದಲ್ಲಿ ಮೂರು ವರ್ಷ ಕೆಲಸ ಮಾಡಬೇಕು ಎನ್ನುವುದು ಅವಳ ವೀಸಾದ ಕರಾರು. ಅಪ್ಪನಿಗೆ ಪಿಸ್ಕಾಟವೇಯ ಟೆಲಿಕಾಂ ಆಫೀಸಿನಲ್ಲಿ ಕೆಲಸ. ವಾರವಿಡೀ ಅಲ್ಲೇ ಒಂದು ರೂಮಿನಲ್ಲಿದ್ದು, ಶುಕ್ರವಾರ ಸಂಜೆ ಡ್ರೈವ್ ಮಾಡಿಕೊಂಡು ಬಂದು, ಸೋಫಾದ ಮೇಲೆ ಶೂ ಸಮೇತ ಉರುಳಿಬಿಡುತ್ತಿದ್ದರು. ನನಗಾಗ ಹತ್ತು ವರ್ಷ. ಧಾರವಾಡದ ಅಜ್ಜಿಯ ಹತ್ತಿರ ಇದ್ದವಳನ್ನು ಆ ಬೇಸಿಗೆಯಲ್ಲಿ ಕರೆಸಿಕೊಂಡಿದ್ದರು.

ಆ ಊರಿನ ಮೊದಲ ಶರತ್ಕಾಲವನ್ನು ನಾನು ಮೂಗಿನಿಂದಲೇ ಕಲಿತೆ ಎನ್ನಬೇಕು. ಒದ್ದೆ ಎಲೆ, ಕಟ್ಟಿಗೆಯ ಹೊಗೆ, ಕೊಳೆತ ಸೇಬು. ಸ್ಕೂಲ್ ಬಸ್ಸು ನನ್ನನ್ನು ಇಳಿಸುತ್ತಿದ್ದದ್ದು ಪಕ್ಕದ ಮನೆಯ ಡೋರಿಸ್ ಎಂಬ ಮುದುಕಿಯ ಬಾಗಿಲಲ್ಲಿ. ಅವ್ವ ಬರುವವರೆಗೆ ನಾನು ಅಲ್ಲೇ. ಅವಳ ಅಡುಗೆಮನೆಯಲ್ಲಿ ಯಾವಾಗಲೂ ವಿನೆಗರಿನ, ನೆನೆದ ನಾಯಿಯ ವಾಸನೆ. ಹಿತ್ತಲಲ್ಲಿ ಕಪ್ಪು ಅಕ್ರೋಟದ ಮರವಿತ್ತು. ಉದುರಿದ ಕಾಯಿಗಳನ್ನು ಬೂಟಿನ ಹಿಮ್ಮಡಿಯಿಂದ ಉರುಳಿಸಿ ಹಸಿರು ಸಿಪ್ಪೆ ಬಿಡಿಸುವುದೇ ನನ್ನ ಆಟ. ಕೈಯೆಲ್ಲ ಕಂದು ಬಣ್ಣ, ಸೋಪಿಗೂ ಹೋಗದು. “ಮದರಂಗಿ ಹಚ್ಚಿಕೊಂಡೀಯೇನ?” ಎಂದು ಅವ್ವ ಒಮ್ಮೆ ನಕ್ಕದ್ದು ನೆನಪಿದೆ. ಆ ತಿಂಗಳಲ್ಲಿ ಅವಳು ನಕ್ಕದ್ದೇ ಅಪರೂಪ.

ಯಾಕೆಂದರೆ ಕ್ಲಿನಿಕ್ಕಿಗೆ ಜನ ಬರುತ್ತಿರಲಿಲ್ಲ. ಬಂದವರು ಹಳೆಯ ಡಾಕ್ಟರನ್ನು ಕೇಳುತ್ತಿದ್ದರು. ಅವರು ರಿಟೈರ್ ಆಗಿ ಫ್ಲಾರಿಡಾಕ್ಕೆ ಹೋದರೆಂದು ಗೊತ್ತಿದ್ದೂ ಕೇಳುತ್ತಿದ್ದರು. ಬಾಗಿಲ ಮೇಲಿನ ಅವ್ವನ ಹೆಸರನ್ನು ಓದಲು ನೋಡಿ, ಅರ್ಧಕ್ಕೇ ಬಿಟ್ಟು, “ಪರವಾಗಿಲ್ಲ, ಅಷ್ಟೇನೂ ನೋವಿಲ್ಲ” ಎಂದು ಹೊರಟುಹೋಗುತ್ತಿದ್ದರು. ಅವ್ವ ಮನೆಗೆ ಬಂದವಳು ಕಾರು ಆಫ್ ಮಾಡಿ, ಇಳಿಯದೆ, ಸ್ಟಿಯರಿಂಗ್ ಹಿಡಿದುಕೊಂಡು ಕುಳಿತೇ ಇರುತ್ತಿದ್ದಳು. ಡೋರಿಸಳ ಕಿಟಕಿಯಿಂದ ನನಗೆ ಕಾಣುತ್ತಿತ್ತು. ಓಡಿಹೋಗಲು ನೋಡಿದರೆ ಡೋರಿಸ್ ಭುಜ ಹಿಡಿದು ನಿಲ್ಲಿಸುತ್ತಿದ್ದಳು.

“ಇರಲಿ ಬಿಡು. ಸ್ವಲ್ಪ ಹೊತ್ತು ಕೂತಿರಲಿ.”

“ಯಾಕೆ?”

“ಮನೆಯೊಳಗೆ ಬಂದರೆ ಅಮ್ಮ ಆಗಬೇಕಲ್ಲ, ಅದಕ್ಕೆ.”

(ಡೋರಿಸ್ ಆಡಿದ್ದು ಇಂಗ್ಲಿಷಿನಲ್ಲಿ, ಅದೂ ಬೆಟ್ಟದ ಬುಡದ ಎಳೆದೆಳೆದು ಮಾತಾಡುವ ಇಂಗ್ಲಿಷಿನಲ್ಲಿ. ಆದರೆ ನನಗೆ ಅದೆಲ್ಲ ಕನ್ನಡದಲ್ಲೇ ನೆನಪಿದೆ. ಆಗ ನನ್ನ ತಲೆಯೊಳಗೆ ಬೇರೆ ಭಾಷೆ ಇರಲಿಲ್ಲ.)

ಅಕ್ಟೋಬರಿನ ಒಂದು ಶುಕ್ರವಾರ ಡೋರಿಸ್ ಅವ್ವನನ್ನು ಕರೆದಳು. ಮರುದಿನ ಬೆಟ್ಟದಾಚೆಯ ಕಣಿವೆಯಲ್ಲಿ, ಅವರ ಹಳೆಯ ಮನೆಯ ಜಾಗದಲ್ಲಿ, ‘ಸೇಬಿನ ಬೆಣ್ಣೆ’ ಎನ್ನುವ ಸೇಬಿನ ಗಟ್ಟಿ ಜಾಮು ಕಾಯಿಸುತ್ತಾರೆ, ಕಣಿವೆಯಿಂದ ಬಂದವರೆಲ್ಲ ವರ್ಷಕ್ಕೊಮ್ಮೆ ಸೇರುತ್ತಾರೆ, ನೀವೂ ಬರಬೇಕು. ಅವ್ವನಿಗೆ ಮನಸ್ಸಿರಲಿಲ್ಲ. “ಇರೂದ ಒಂದು ಶನಿವಾರ, ಮಲಗಲಿಕ್ಕ ಬಿಡವಾ ನನ್ನ” ಎಂದಳು ನನಗೆ. ನಾನು ಬಿಡಲಿಲ್ಲ. ಮಲಗಿದ್ದ ಅಪ್ಪನನ್ನು ಹಾಗೇ ಬಿಟ್ಟು ನಾವು ಮೂವರು ಹೊರಟೆವು.

ದಾರಿಯುದ್ದಕ್ಕೂ ಡೋರಿಸ್ ಮಾತಾಡಿದಳು. ಬೆಟ್ಟಕ್ಕೆ ಹೆಸರಿಟ್ಟವರು ಇಲ್ಲಿನ ಮೂಲ ಜನ. ಅವರ ಮಾತಿನಲ್ಲಿ ಕಿಟಟಿನಿ ಎಂದರೆ ದೊಡ್ಡ ಬೆಟ್ಟ, ಮುಗಿಯದ ಬೆಟ್ಟ. ಅವರನ್ನು ಓಡಿಸಿ ಡಚ್ಚರು, ಜರ್ಮನರು ಬಂದರು. ಕಣಿವೆಯ ನದಿದಂಡೆಯ ಕಪ್ಪು ಮಣ್ಣಿನಲ್ಲಿ ರೈ ಎಂಬ ಧಾನ್ಯ ಬಿತ್ತಿದರು, ಸೇಬು ನೆಟ್ಟರು, ಬೆಟ್ಟದ ಕಲ್ಲು ತಂದು ಮನೆ ಕಟ್ಟಿದರು. ಡೋರಿಸಳ ಅಜ್ಜನ ಅಜ್ಜನೂ ಅಂಥ ಒಂದು ಮನೆ ಕಟ್ಟಿದ್ದ. ಅವಳು ಮದುವೆಯಾಗಿ ಮಕ್ಕಳಾಗುವ ಹೊತ್ತಿಗೆ ಸರ್ಕಾರದವರು ನಕ್ಷೆ ಹಿಡಿದುಕೊಂಡು ಬಂದರು. ನದಿಗೆ ಅಣೆಕಟ್ಟು ಕಟ್ಟುತ್ತೇವೆ, ಕಣಿವೆಯೆಲ್ಲ ಸರೋವರವಾಗುತ್ತದೆ, ಏಳಿ ಎಂದರು. ಕೆಲವರು ಕೊಟ್ಟ ದುಡ್ಡು ತೆಗೆದುಕೊಂಡು ಹೋದರು, ಕೆಲವರು ಕೋರ್ಟಿಗೆ ಹೋದರು. ಕೊನೆಗೆ ಎಲ್ಲರೂ ಹೋದರು. ಮನೆಗಳನ್ನು ಬುಲ್ಡೋಜರಿನಿಂದ ಕೆಡವಿದರು.

“ಆಮೇಲೆ?” ಎಂದಳು ಅವ್ವ.

“ಆಮೇಲೆ ಅಣೆಕಟ್ಟು ಬೇಡ ಅಂತ ತೀರ್ಮಾನ ಮಾಡಿದರು” ಎಂದಳು ಡೋರಿಸ್. “ನೀರು ಬರಲೇ ಇಲ್ಲ.”

ಕಾಡಿನ ನಡುವೆ ಒಂದು ಬಯಲು. ನಾಲ್ಕಾರು ಹಳೆಯ ಟ್ರಕ್ಕುಗಳು. ಬಂದವರು ಹತ್ತೋ ಹನ್ನೆರಡೋ ಜನ, ಎಲ್ಲರೂ ಮುದುಕರು. ಸಾಕುವವರಿಲ್ಲದೆ ಕಾಡುಬಿದ್ದ ಸೇಬಿನ ಮರಗಳಲ್ಲಿ ಸಣ್ಣ, ಚುಕ್ಕೆಚುಕ್ಕೆ ಹಣ್ಣು. ನಡುವೆ ತಾಮ್ರದ ದೊಡ್ಡ ಹಂಡೆ, ಅದರೊಳಗೆ ಬೆಳಗಿನಿಂದ ಕೊತಕೊತ ಕುದಿಯುತ್ತಿದ್ದ ಕಂದು ರಸ, ಮೇಲೆ ದಾಲ್ಚಿನ್ನಿ ಲವಂಗದ ಘಮ. ಆಳುದ್ದದ ಮರದ ಹುಟ್ಟಿನಿಂದ ಅದನ್ನು ಕೈಬಿಡದೆ ಕಲಕುತ್ತಲೇ ಇರಬೇಕು. ನಿಂತರೆ ತಳ ಹಿಡಿಯುತ್ತದೆ. ಅವ್ವ ಹತ್ತಿರ ಹೋಗಿ ಮೂಸಿದಳು. ಅವಳ ಮುಖ ಬದಲಾದದ್ದನ್ನು ನಾನು ನೋಡಿದೆ.

“ಇದು ಗುಳಂಬ ನೋಡವಾ! ಮಾವಿನಕಾಯಿ ಬದಲಿ ಸೇಬು ಹಾಕ್ಯಾರ, ಅಷ್ಟ. ನಮ್ಮಮ್ಮ ಹಿಂಗ ಹಿತ್ತಲದಾಗ ಒಲಿ ಹೂಡಿ ಮಾಡ್ತಿದ್ದಳು.”

‘ನಮ್ಮಮ್ಮ’ ಎಂದರೆ ಅವಳ ಅಜ್ಜಿ, ಕೃಷ್ಣಾ ಹೊಳೆಯ ದಂಡೆಯ ಹಳ್ಳಿಯವಳು. ಅವ್ವ ಜಾಕೆಟ್ಟಿನ ತೋಳು ಏರಿಸಿ, ಯಾರನ್ನೂ ಕೇಳದೆ ಹುಟ್ಟು ಹಿಡಿದಳು.

ಅಷ್ಟು ಹೊತ್ತು ಕಲಕುತ್ತಿದ್ದವನು ಡೋರಿಸಳ ಅಣ್ಣ ವಾಲ್ಟರ್. ಎತ್ತರದ ಮನುಷ್ಯ, ಲೇಸು ಕಟ್ಟದ ಬೂಟು, ಒಂದೊಂದು ಮಾತಿಗೂ ಏದುಸಿರು. ಅವ್ವನನ್ನು ಮೇಲಿನಿಂದ ಕೆಳಗೆ ನೋಡಿದ.

“ಹೊಸ ಡಾಕ್ಟರ್ ನೀನೇನಾ?”

“ಹೌದು.”

“ನನಗೆ ಡಾಕ್ಟರ್ ಬೇಕಿಲ್ಲ.”

“ನನಗೂ ಇವತ್ತು ರಜೆ” ಎಂದಳು ಅವ್ವ, ಕಲಕುತ್ತಲೇ.

ಅವನಿಗೆ ನಗು ಬಂತು. ಆ ನಗುವಿನಲ್ಲೇ ನನ್ನ ಕಡೆ ತಿರುಗಿ, “ಬಾ, ನಮ್ಮ ಮನೆ ತೋರಿಸ್ತೀನಿ” ಎಂದ. ಮನೆ ಎಲ್ಲಿದೆ ಎಂದು ನಾನು ಸುತ್ತ ನೋಡಿದೆ. ಹುಲ್ಲಿನಲ್ಲಿ ಸಾಲಾಗಿ ಕೆಲವು ಕಲ್ಲುಗಳಿದ್ದವು, ಅಷ್ಟೆ. ನಾನು ನೇರ ನಡೆದೆ.

“ಏಯ್, ಅಲ್ಲಿ ಬಾಗಿಲಿಲ್ಲ, ಗೋಡೆ ಅದು! ಈ ಕಡೆಯಿಂದ ಬಾ. ಕಾಲು ಒರೆಸಿಕೋ. ನಮ್ಮಮ್ಮ ಬೈತಾಳೆ.”

ನಾನು ಹುಲ್ಲಿನ ಮೇಲೆ ಕಾಲು ಒರೆಸಿಕೊಂಡು ಒಳಗೆ ಹೋದೆ. ಇದು ಅಡುಗೆಮನೆ ಎಂದ. ಇಲ್ಲಿ ಒಲೆ, ಇಲ್ಲಿ ಅಪ್ಪನ ಕುರ್ಚಿ, ಚಳಿಗಾಲದಲ್ಲಿ ಹುಟ್ಟಿದ ಕುರಿಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು ಈ ಮೂಲೆಯಲ್ಲಿ ಕಾಯಿಸುತ್ತಿದ್ದೆವು. ಮೆಟ್ಟಿಲು ಇಲ್ಲಿಂದ ಹತ್ತುತ್ತಿತ್ತು. ನಾನು ಹುಟ್ಟಿದ ಕೋಣೆ ಅಲ್ಲಿ ಎಂದು ಕೈಯೆತ್ತಿ ಆಕಾಶ ತೋರಿಸಿದ. ಆ ಕೈ ಕೆಳಗಿಳಿಯುವಾಗ ಅವನು ಬಾಗಿದ. ತುಟಿ ನೀಲಿಯಾಗಿತ್ತು. ಮರಕ್ಕೆ ಒರಗಿ ಬಾಯಿ ತೆರೆದು ಉಸಿರು ಎಳೆದುಕೊಳ್ಳತೊಡಗಿದ.

“ಅವ್ವಾ!” ಎಂದು ನಾನು ಕೂಗಿದ್ದು ಕಣಿವೆಯೆಲ್ಲ ಕೇಳಿರಬೇಕು.

ಅವ್ವ ಹುಟ್ಟನ್ನು ಡೋರಿಸಳ ಕೈಗಿತ್ತು ಓಡಿಬಂದಳು. ಅವನನ್ನು ಕೂರಿಸಿ, ಬೂಟು ಕಳಚಿ, ಕಾಲ್ಚೀಲ ಜಾರಿಸಿ, ಬಾತ ಕಾಲಿನ ಮೇಲೆ ಹೆಬ್ಬೆರಳು ಒತ್ತಿದಳು. ಬೆರಳು ತೆಗೆದ ಮೇಲೂ ಕುಳಿ ಹಾಗೇ ಉಳಿಯಿತು, ಹಿಟ್ಟಿನಲ್ಲಿ ಒತ್ತಿದಂತೆ.

“ಆಸ್ಪತ್ರೆಗೆ ಹೋಗಬೇಕು. ಈಗಲೇ.”

“ಇಲ್ಲಿಂದ ಎದ್ದು ಹೋಗು ಅಂತ ಒಂದು ಸಲ ಹೇಳಿಸಿಕೊಂಡಿದೀನಿ” ಎಂದ ವಾಲ್ಟರ್, ಉಸಿರುಗಳ ನಡುವೆ. “ಇನ್ನೊಂದು ಸಲ ಏಳೋದಿಲ್ಲ.”

ಮುದುಕರು ಸುತ್ತ ನಿಂತಿದ್ದರು. ಅವನು ಹಾಗೆ ಹೇಳುವುದು ಅವರಿಗೆ ಹೊಸದಾಗಿರಲಿಲ್ಲ ಎಂದು ಕಾಣುತ್ತದೆ. ಅವ್ವ ಬೈಯುತ್ತಾಳೆ ಎಂದುಕೊಂಡೆ. ಅವಳು ಅವನ ಪಕ್ಕ ಹುಲ್ಲಿನ ಮೇಲೆ ಕುಳಿತು, ಅವನ ಮಣಿಕಟ್ಟು ಹಿಡಿದುಕೊಂಡಳು.

“ನನ್ನ ಅಜ್ಜಿಯ ಮನೆಯೂ ಅಣೆಕಟ್ಟಿಗೆ ಹೋಯಿತು” ಎಂದಳು. “ದೊಡ್ಡ ಹೊಳೆ ನಮ್ಮದು. ಊರಿಗೆ ಊರೇ ಎತ್ತಿದರು. ಅಜ್ಜಿ ಬಾಗಿಲಿನ ಚೌಕಟ್ಟು ಕಿತ್ತು ಚಕ್ಕಡಿಯಲ್ಲಿ ಹಾಕಿಸಿಕೊಂಡು ಹೋದಳು.”

ವಾಲ್ಟರ್ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದ.

“ನೀರು ಬಂತಾ?”

“ಬಂತು.”

“ಮನೆ ಮುಳುಗಿತಾ?”

“ಮುಳುಗಿತು. ಈಗ ಮೇಲೆ ದೋಣಿ ಹೋಗ್ತವೆ.”

ಅವನು ಹುಲ್ಲಿನಲ್ಲಿದ್ದ ಕಲ್ಲುಗಳ ಸಾಲನ್ನು ನೋಡಿದ. ಆಮೇಲೆ, “ನಿಮ್ಮ ಅಜ್ಜಿಗೆ ಕಾರಣವಾದರೂ ಸಿಕ್ಕಿತು” ಎಂದ.

ಅವ್ವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ, ಅವನ ಕೈ ಹಿಡಿದೇ ಇದ್ದಳಲ್ಲ. ಕಾರಿನಲ್ಲಿ ಒಬ್ಬಳೇ ಕೂತು ಅಳುತ್ತಾಳೇನೋ ಎಂಬ ಅನುಮಾನ ನನಗಿತ್ತು, ಕಣ್ಣಾರೆ ಕಂಡದ್ದು ಅದೇ ಮೊದಲು. ವಾಲ್ಟರನೇ ಕೊನೆಗೆ, “ಸರಿ, ಏಳಿಸು. ಬೂಟು ಹಾಕು” ಎಂದ. ಇಬ್ಬರು ಮುದುಕರು ಹೆಗಲು ಕೊಟ್ಟು ನಮ್ಮ ಕಾರಿಗೆ ತಂದರು. ಅವ್ವ ಅವನನ್ನು ಬೆಟ್ಟ ದಾಟಿಸಿ ಆಸ್ಪತ್ರೆಗೆ ಡ್ರೈವ್ ಮಾಡಿಕೊಂಡು ಹೋದಳು. ನಾನು ಡೋರಿಸಳ ಜೊತೆ ಉಳಿದು, ಹುಟ್ಟಿನ ಹಿಡಿಯ ತುದಿ ಹಿಡಿದು, ಸಂಜೆಯವರೆಗೆ ಕಲಕಿದೆ. ಯಾರದೋ ಟ್ರಕ್ಕಿನಲ್ಲಿ ಮನೆಗೆ ಒಯ್ದ ಬಾಟಲಿ ಇನ್ನೂ ಬಿಸಿಯಿತ್ತು. ಅಪ್ಪ ಎದ್ದು, ಕಣ್ಣುಜ್ಜಿಕೊಳ್ಳುತ್ತ, ಬ್ರೆಡ್ಡಿಗೆ ಹಚ್ಚಿ ತಿಂದು, “ಗುಳಂಬ ಎಲ್ಲಿಂದ ಬಂತು?” ಎಂದರು.

ವಾಲ್ಟರ್ ಉಳಿದುಕೊಂಡ. ಮೈಯಲ್ಲಿ ತುಂಬಿದ್ದ ನೀರನ್ನು ಔಷಧಿ ಕೊಟ್ಟು ಇಳಿಸಿದರು. ಕಾಲು ಬೂಟಿನೊಳಗೆ ಹಿಡಿಯುವಷ್ಟಾಯಿತು. ಚೇತರಿಸಿಕೊಂಡವನು ಕ್ಲಿನಿಕ್ಕಿನ ವೇಟಿಂಗ್ ರೂಮಿನಲ್ಲಿ ಬಂದು ಕೂರತೊಡಗಿದ, ತೋರಿಸಿಕೊಳ್ಳುವುದಕ್ಕಲ್ಲ, ಸುಮ್ಮನೆ. ಬಂದವರಿಗೆಲ್ಲ, “ಡಾಕ್ಟರಮ್ಮನ ಊರೂ ಅಣೆಕಟ್ಟಿಗೆ ಹೋಗಿದೆ” ಎಂದು ಹೇಳುತ್ತಿದ್ದನಂತೆ. ಅವಳ ಓದು, ಡಿಗ್ರಿ ಯಾವುದನ್ನೂ ಹೇಳುತ್ತಿರಲಿಲ್ಲ. ಆದರೆ ಆ ಬೆಟ್ಟದ ಬುಡದಲ್ಲಿ ಅದಕ್ಕಿಂತ ದೊಡ್ಡ ಪರಿಚಯ ಬೇಕಿರಲಿಲ್ಲ.

ಜನ ಬಂದರು. ಹಿಮ ಬೀಳುವ ಹೊತ್ತಿಗೆ ಕೂರಲು ಕುರ್ಚಿ ಸಾಲದಷ್ಟು ಬಂದರು. ಜಿಂಕೆಮಾಂಸದ ಪೊಟ್ಟಣ ತಂದುಕೊಟ್ಟವರಿಗೆ ನಾವು ತಿನ್ನುವುದಿಲ್ಲ ಎಂದು ತಿಳಿದ ಮೇಲೆ ಕುಂಬಳಕಾಯಿ, ಜೇನು ಬಂದವು. ಜನ ಬರಲಿ ಎಂದೇ ನಾನೂ ಬಯಸಿದ್ದೆ. ಆದರೆ ಅವ್ವ ಈಗ ಕತ್ತಲಾದ ಮೇಲೆ ಬರುತ್ತಿದ್ದಳು. ಕೋಟು ಬಿಚ್ಚದೆ, ಸಿಂಕಿನ ಮುಂದೆ ನಿಂತೇ ತಣ್ಣಗಾದ ಅನ್ನ ಮೊಸರು ಉಣ್ಣುತ್ತಿದ್ದಳು. ಕಥೆ ಹೇಳು ಎಂದರೆ, “ನಾಳೆ ಹೇಳ್ತೀನವಾ” ಎನ್ನುತ್ತಿದ್ದಳು.

ಒಂದು ದಿನ ತಡೆಯಲಾರದೆ, “ಮೊದಲಿನಂಗ ಯಾರೂ ಬರದಿದ್ರ ಚಲೋ ಇತ್ತು” ಎಂದೆ.

ಅವ್ವ ತಟ್ಟೆ ಕೆಳಗಿಟ್ಟಳು. “ಹಂಗನ್ನಬಾರದು” ಎಂದಳು. ಸಿಟ್ಟಿರಲಿಲ್ಲ. ನನ್ನ ತಲೆ ಸವರಿ, ಮತ್ತೆ ತಟ್ಟೆ ಎತ್ತಿಕೊಂಡಳು.

ವಾಲ್ಟರ್ ಮರುವರ್ಷದ ವಸಂತದಲ್ಲಿ, ಸೇಬು ಹೂ ಬಿಡುವುದಕ್ಕೆ ಮುಂಚೆ ತೀರಿಕೊಂಡ. ಮಣ್ಣಿಗೆ ಅವ್ವ ಸೀರೆಯುಟ್ಟು, ಮೇಲೆ ದಪ್ಪ ಜಾಕೆಟ್ ಹಾಕಿಕೊಂಡು ಹೋದಳು. ಹಿಂದೆ ನಿಂತವಳನ್ನು ಡೋರಿಸ್ ಕೈಹಿಡಿದು ಎಳೆದುಕೊಂಡು ಹೋಗಿ ಮನೆಯವರ ಸಾಲಿನಲ್ಲಿ ನಿಲ್ಲಿಸಿದಳು. ಆ ಅಕ್ಟೋಬರಿನಲ್ಲಿ ಯಾರೂ ಒಲೆಗೆ ಹಂಡೆ ಏರಿಸಲಿಲ್ಲ. ಮೂರು ವರ್ಷವಾಗಿ ಅವ್ವನ ಕರಾರು ಮುಗಿಯಿತು. ನಾವು ಈಸ್ಟ್ ಬ್ರನ್ಸ್‌ವಿಕ್‌ಗೆ ಬಂದೆವು, ಒಂದೇ ಮನೆಯಲ್ಲಿ, ಮೂವರೂ ಒಟ್ಟಿಗೆ. ಕೆಲವು ಕ್ರಿಸ್‌ಮಸ್‌ಗಳವರೆಗೆ ಡೋರಿಸಳಿಂದ ಕಾರ್ಡು ಬರುತ್ತಿತ್ತು, ಆಮೇಲೆ ಬರಲಿಲ್ಲ.

ಈಗಲೂ ನಾನು ಈಸ್ಟ್ ಬ್ರನ್ಸ್‌ವಿಕ್‌ನಲ್ಲೇ ಇದ್ದೇನೆ. ಮುಂಜಾನೆ ಬಸ್ಸು ಹಿಡಿದು ಮ್ಯಾನ್‌ಹಟನ್ನಿಗೆ ಕಮ್ಯೂಟ್ ಮಾಡುತ್ತೇನೆ, ನಿದ್ದೆಗಣ್ಣಲ್ಲಿ ಹೋಗಿ ನಿದ್ದೆಗಣ್ಣಲ್ಲಿ ಬರುತ್ತೇನೆ. ಎದುರುಮನೆಯವರ ಹೆಸರು ಗೊತ್ತಿಲ್ಲ. ಅವರ ಗ್ಯಾರೇಜಿನ ಬಾಗಿಲು ಏಳುತ್ತದೆ, ಇಳಿಯುತ್ತದೆ, ಅಷ್ಟೇ ಪರಿಚಯ. ಅಪ್ಪ ಇಲ್ಲ. ಅವ್ವ ರಿಟೈರ್ ಆಗಿ ನನ್ನ ಜೊತೆಗಿದ್ದಾಳೆ.

ಕಳೆದ ಶರತ್ಕಾಲದಲ್ಲಿ ಅವ್ವನನ್ನೂ ಮಗಳನ್ನೂ ಕರೆದುಕೊಂಡು ಆ ಕಣಿವೆಗೆ ಹೋದೆ. ಅದೀಗ ಪಾರ್ಕು. ಪಾರ್ಕಿಂಗ್ ಲಾಟ್, ಟ್ರೇಲ್, ಕರಡಿಯ ಬಗ್ಗೆ ಎಚ್ಚರಿಕೆಯ ಫಲಕ. ಬಯಲು ಸಿಗಲಿಲ್ಲ. ಅದು ಅಲ್ಲೇ ಎಲ್ಲೋ ಕಾಡಾಗಿ ಬೆಳೆದು ನಿಂತಿರಬೇಕು. ಅವ್ವನಿಗೆ ಮಂಡಿನೋವು; ಪಿಕ್ನಿಕ್ ಬೆಂಚಿನ ಮೇಲೆ ಕುಳಿತಳು. ಮಗಳು ಫೋನ್ ಎತ್ತಿ ಹಿಡಿದು ಸಿಗ್ನಲ್ ಹುಡುಕುತ್ತ, “ಅಮ್ಮಾ, ದೇರ್ ಈಸ್ ನಥಿಂಗ್ ಹಿಯರ್” ಎಂದಳು. ಅವಳಿಗೆ ಏನು ತೋರಿಸಲಿ? ಹೇಳಬೇಕಾದವರೆಲ್ಲ ಹೋಗಿದ್ದರು. ಕೇಳಿದ್ದರಲ್ಲಿ ನನಗೆ ಅರ್ಧ ಮಾತ್ರ ನೆನಪಿತ್ತು, ಅದನ್ನು ಅವಳ ಇಂಗ್ಲಿಷಿನಲ್ಲಿ ಹೇಳಲು ಹೊರಟರೆ ಅದರಲ್ಲೂ ಅರ್ಧವೇ ಉಳಿಯಿತು.

ವಾಪಸ್ ಬರುವಾಗ ಹೈವೇಯಲ್ಲಿ ಟ್ರಾಫಿಕ್ ನಿಂತಿತು. ಮಗಳು ಹಿಂದಿನ ಸೀಟಿನಲ್ಲಿ ಹಾಡು ಕೇಳುತ್ತಿದ್ದಳು. ಮುಂದೆ ಕೆಂಪು ದೀಪಗಳ ಸಾಲು. ಅವ್ವ ಅದನ್ನೇ ನೋಡುತ್ತ ಹೇಳಿದಳು:

“ಆ ಊರಾಗ ಇದ್ದಾಗ ಭಾಳ ದಣೀತಿದ್ದೆ ನೋಡು.”

“ಗೊತ್ತವಾ.”

“ಆದ್ರ ಆಗ ದಣಿದ್ರ ನಿದ್ದಿ ಬರ್ತಿತ್ತು. ಈಗ ಬರೇ ದಣಿವು.”

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಮುಂದೆ ಒಂದಿಷ್ಟು ಜಾಗವಾಗಿತ್ತು. ನಾನು ಬ್ರೇಕಿನಿಂದ ಕಾಲು ತೆಗೆದೆ.