ದರ ಇಳಿದ ವರ್ಷ

ಆ ಬೀದಿಯಲ್ಲಿ ಮೇಸ್ತ್ರಿಯ ಕೈ ತಾಗದ ಗೋಡೆ ಇರಲಿಲ್ಲ. ಹದಿನೆಂಟನೆಯ ವಯಸ್ಸಿಗೆ ಕರಣೆ ಹಿಡಿದವನು, ವಾರವೆಲ್ಲ ಮಂದಿಯ ಮನೆ ಕಟ್ಟಿ ಭಾನುವಾರ ತನ್ನದನ್ನು ಕಟ್ಟಿಕೊಂಡ. ಕೆಳಗಿನ ಎರಡು ಕೋಣೆಗಳಿಗೇ ಒಂಬತ್ತು ವರ್ಷ ಹಿಡಿಯಿತು. ಮಾಳಿಗೆಯ ಕೋಣೆ ಇನ್ನೂ ನಿಧಾನ. ಕೆಲಸ ಮುಗಿದ ಕಡೆಯೆಲ್ಲ ಮಿಕ್ಕ ಇಟ್ಟಿಗೆ ಕೇಳಿ ತಂದು ಏರಿಸಿದ್ದು. ಹೆಂಡತಿಯ ಹೊಲಿಗೆ ಮಷೀನಿಗೆ ಬೆಳಗಿನ ಬೆಳಕು ಬೀಳಲೆಂದು ಅಲ್ಲಿನ ಕಿಟಕಿಯನ್ನು ಎರಡು ಸಲ ಕಿತ್ತು ಕೂರಿಸಿದ್ದ.

"ಊರವರ ಗೋಡೆಗೆಲ್ಲ ತೂಗುಗುಂಡು ಇಡ್ತೀರಿ, ನಮ್ಮನೆಗೆ ಮಾತ್ರ ಕಣ್ಣಳತೆ" ಎಂದು ಅವಳು ಛೇಡಿಸುತ್ತಿದ್ದಳು.

ಅವನಿಗೆ ಅರವತ್ತು ದಾಟಿ ಮೊಣಕಾಲು ಮಾತು ಕೇಳದಾದ ಕಾಲಕ್ಕೆ, ಪಕ್ಕದ ಮನೆಯನ್ನು ಹಲ್ಲಿನ ಡಾಕ್ಟರೊಬ್ಬರು ಕೇಳಿದ ಬೆಲೆ ಕೊಟ್ಟು ಕೊಂಡರು. ಮನೆಯ ಮುಂಭಾಗ ಹೊಸದು ಮಾಡಲು ಮೇಸ್ತ್ರಿಯನ್ನೇ ಕರೆದರು. ಅವನು ಎರಡು ತಿಂಗಳು ದುಡಿದು ಕಲ್ಲಿನ ಕಮಾನು ನಿಲ್ಲಿಸಿದ. ನೋಡಿದವರು ಹೊಗಳಿದರು. ವರ್ಷ ತಿರುಗುವುದರೊಳಗೆ ಇನ್ನಿಬ್ಬರು ದುಡ್ಡುಳ್ಳವರು ಅದೇ ಬೀದಿಯಲ್ಲಿ ಮನೆ ಕೊಂಡರು.

ಆಮೇಲೆ ನಗರಸಭೆ ಮನೆಗಳ ಬೆಲೆಯನ್ನು ಹೊಸದಾಗಿ ಕಟ್ಟಿತು. ಮೇಸ್ತ್ರಿಯ ಮನೆಯ ಬೆಲೆ ಎರಡೂವರೆ ಪಟ್ಟಾಗಿತ್ತು. ತೆರಿಗೆ ಚೀಟಿ ಓದಿ ಅವನು, "ಇದು ಡಾಕ್ಟರದ್ದು, ತಪ್ಪಿ ನಮಗೆ ಹಾಕಿದ್ದಾರೆ" ಎಂದ. ಹೆಂಡತಿ ಚೀಟಿಯಲ್ಲಿದ್ದ ಮನೆ ನಂಬರಿನ ಮೇಲೆ ಬೆರಳಿಟ್ಟಳು.

ಕಂದಾಯ ಕಚೇರಿಯ ಗುಮಾಸ್ತ ಒಳ್ಳೆಯವನೇ. ಕುರ್ಚಿ ಕೊಟ್ಟು ಕೂರಿಸಿದ.

"ಅಕ್ಕಪಕ್ಕ ಎಷ್ಟಕ್ಕೆ ಮಾರಾಟ ಆಗಿದೆಯೋ ಅದರ ಮೇಲೆ ನಿಮ್ಮನೆ ಬೆಲೆ ಕಟ್ತೀವಿ ಯಜಮಾನ್ರೆ. ಬೆಲೆ ಏರಿದ್ರೆ ಖುಷಿ ಪಡಬೇಕಲ್ವಾ?"

"ಮಾರೋನಿಗೆ ಅದು ಬೆಲೆ ಸ್ವಾಮಿ. ಇರೋನಿಗೆ ಬರೀ ಗೋಡೆ."

ಗುಮಾಸ್ತ ಕಡತ ತಿರುವಿದ. "ನೆಲಕ್ಕೊಂದು ಬೆಲೆ, ಕಟ್ಟಡಕ್ಕೊಂದು ಬೆಲೆ. ಮಾಳಿಗೆ ಕೋಣೆ ಇಲ್ದಿದ್ರೆ ಕಟ್ಟಡದ್ದು ಸ್ವಲ್ಪ ಇಳೀತಿತ್ತು. ಆ ಬೆಲೆ ಮೇಲೆ ತೆರಿಗೆ ದರ ಎಷ್ಟು ಅನ್ನೋದು ನಮ್ಮ ಕೈಲಿಲ್ಲ. ಬಜೆಟ್ ಸಭೆಗೆ ಬಂದು ಕೇಳಿ."

ಒಗೆದ ಅಂಗಿ ಹಾಕಿಕೊಂಡು ಮೇಸ್ತ್ರಿ ಸಭೆಗೆ ಹೋದ. ಅಧ್ಯಕ್ಷರು ಎದ್ದು ನಿಂತು, ಈ ವರ್ಷ ತೆರಿಗೆಯ ದರ ಏರಿಸಿಲ್ಲ, ಇಳಿಸಿದ್ದೇವೆ ಎಂದರು. ಚಪ್ಪಾಳೆ ಬಿತ್ತು. ಸಾರ್ವಜನಿಕರಿಗೆಂದು ಇಟ್ಟಿದ್ದ ಮೈಕಿನ ಮುಂದೆ ಮೇಸ್ತ್ರಿ ಬಂದು ನಿಂತ.

"ಗಾರೆ ಹೊರೋ ಬಾಂಡ್ಲಿ ಚಿಕ್ಕದು ಮಾಡಿದ್ರಿ, ಸರಿ. ಎರಡರಷ್ಟು ಸಲ ಹೊರಿಸಿದ್ರೆ ಭಾರ ಎಲ್ಲಿಳೀತು ಸ್ವಾಮಿ? ದರ ಇಳಿದಿದೆ, ನಾನು ಕಟ್ಟೋದು ಏರಿದೆ."

ನಗು ಎದ್ದಿತು. ಅಧ್ಯಕ್ಷರೂ ನಕ್ಕರು. "ಕಸ ಎತ್ತೋರ ಸಂಬಳ, ನೀರಿನ ಪೈಪು, ಹೊಸ ಕಚೇರಿ ಕಟ್ಟಡ, ಇದಕ್ಕೆಲ್ಲ ಎಲ್ಲಿಂದ ತರೋಣ? ನೀವೇ ಹೇಳಿ ಮೇಸ್ತ್ರಿ."

ಕಸ ಎತ್ತುವವರಲ್ಲಿ ಅವನ ಷಡ್ಡಕನೂ ಒಬ್ಬ. ಸಂಬಳ ಬೇಡವೆನ್ನಲು ಬಾಯಿ ಬರಲಿಲ್ಲ. ಹೊಸ ಕಚೇರಿಯ ಮಾತು ಎತ್ತುವಷ್ಟರಲ್ಲಿ ಗಂಟೆ ಬಾರಿಸಿ ಮೈಕನ್ನು ಮುಂದಿನವರಿಗೆ ಕೊಟ್ಟರು.

ಮುಂದಿನ ಭಾನುವಾರ ಅವನು ಸುತ್ತಿಗೆ, ಹಾರೆ ಹಿಡಿದು ಮಾಳಿಗೆ ಹತ್ತಿದ.

"ತಲೆ ಕೆಟ್ಟಿದೆಯಾ ನಿಮಗೆ?" ಹೆಂಡತಿ ಮೆಟ್ಟಿಲಿಗೆ ಅಡ್ಡ ನಿಂತಳು.

"ಕಟ್ಟಿದೋನು ನಾನೇ, ಕೆಡವೋನೂ ನಾನೇ. ಮಷೀನು ಕೆಳಗಿಳಿಸು."

ಕೆಡವಲು ನಾಲ್ಕು ಭಾನುವಾರ ಸಾಕಾಯಿತು. ಕಿಟಕಿಯ ಚೌಕಟ್ಟನ್ನು ಮಾತ್ರ ಒಡೆಯದೆ ಇಡಿಯಾಗಿ ಬಿಡಿಸಲು ಇಡೀ ಮಧ್ಯಾಹ್ನ ತೆಗೆದುಕೊಂಡ. ಇಟ್ಟಿಗೆಯನ್ನು ಗುಜರಿಯವನು ಗಾಡಿಗೆ ತುಂಬಿಕೊಂಡು ಹೋದ. ಕಚೇರಿಯಿಂದ ಬಂದವರು ಅಳೆದು, ಕೋಣೆ ಇಲ್ಲವೆಂದು ಬರೆದುಕೊಂಡರು.

ಮರುವರ್ಷದ ಚೀಟಿಯಲ್ಲಿ ಕಟ್ಟಡದ ಪಾಲು ಇಳಿದಿತ್ತು. ನೆಲದ ಪಾಲು ಅದನ್ನು ನುಂಗಿ, ಮೇಲೆ ಇನ್ನಷ್ಟು ಏರಿತ್ತು. ಬೀದಿಯ ಕೊನೆಯಲ್ಲಿ ಯಾರೋ ಇನ್ನೂ ದುಬಾರಿಗೆ ಮನೆ ಕೊಂಡಿದ್ದರಂತೆ. ಮೇಸ್ತ್ರಿ ಮತ್ತೆ ಕಚೇರಿಗೆ ಹೋದಾಗ ಗುಮಾಸ್ತ ತಲೆ ತಗ್ಗಿಸಿ, "ನಾನು ಕೆಡವಿ ಅಂದಿರಲಿಲ್ಲ ಯಜಮಾನ್ರೆ" ಎಂದ.

"ಇಲ್ಲಪ್ಪ, ನೀನು ಅನ್ನಲಿಲ್ಲ."

ಹೊಲಿಗೆ ಮಷೀನು ಅಡುಗೆಮನೆಯ ಮೂಲೆ ಸೇರಿತು. ಅಲ್ಲಿ ಹಗಲಲ್ಲೂ ದೀಪ ಹಾಕಬೇಕು. ಹೆಂಡತಿ ಸೂಜಿಗೆ ದಾರ ಪೋಣಿಸಲು ಅವನನ್ನು ಕರೆಯುತ್ತಾಳೆ. ಕೋಣೆಯ ಮಾತನ್ನು ಅವಳು ಒಮ್ಮೆಯೂ ಆಡಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮೊಣಕಾಲು ನೋವಿಗೆ ಬಿಟ್ಟಿದ್ದ ಕೂಲಿಗೆ, ತೆರಿಗೆ ಕಟ್ಟಲೆಂದು ಅವನು ಮತ್ತೆ ಹೋಗುತ್ತಿದ್ದಾನೆ. ಮೊನ್ನೆ ಬೀದಿಯ ಹೊಸಬರೊಬ್ಬರು ಬಾಗಿಲಿಗೇ ಬಂದು, ಕಾಂಪೌಂಡಿಗೆ ಗಾರೆ ಮಾಡಿಕೊಡಿ, ಕೇಳಿದಷ್ಟು ಕೊಡುತ್ತೇವೆ ಎಂದರು.

"ಈ ಬೀದೀಲಿ ಮಾಡಲ್ಲ" ಎಂದ ಮೇಸ್ತ್ರಿ. ಯಾಕೆಂದು ಕೇಳಿದಾಗ ಡಾಕ್ಟರ ಮನೆಯ ಕಮಾನಿನ ಕಡೆ ಒಮ್ಮೆ ನೋಡಿದ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಎರಡು ಬಸ್ಸು ಬದಲಿಸಿ, ಊರಾಚೆಯ ಗೋದಾಮೊಂದರ ಗೋಡೆ ಕಟ್ಟಲು ಹೋದ.