ಹದಿನೈದು ಚುಕ್ಕಿಯ ರಂಗೋಲಿ

ನಾಲ್ಕನೆಯ ದಿನದ ತಲೆಸ್ನಾನ ಮುಗಿಸಿ, ಮೂರು ದಿನ ಹಾಸಿ ಹೊದ್ದ ಬಟ್ಟೆಗಳನ್ನು ಚಾಳಿನ ನಲ್ಲಿಯ ಹತ್ತಿರ ಒಗೆಯುತ್ತಿದ್ದಾಗ ಆ ಸುದ್ದಿ ಬಂತು. ತಂದವಳು ಪಕ್ಕದ ಮನೆಯವಳೇ. ಕೊಡ ಕೆಳಗಿಡುವ ಮೊದಲೇ ಶುರುಮಾಡಿದಳು.

"ಅಕ್ಕಾರ, ನಂಗ ಫೋರ್ಟಿಗೆ ಕರದಾರರೀ! ಚಿತ್ರದ ಪ್ರದರ್ಶನ ಅದ ಅಂತ. ಅಲ್ಲೆ ನೆಲದ ಮ್ಯಾಲೆ ನಾ ರಂಗೋಲಿ ಹಾಕಬೇಕಂತ!"

"ಯಾರು ಕರೆದದ್ದು?"

"ಮೊನ್ನೆ ನಮ್ಮ ಚಾಳಿನ ಪಿಟೀಲು ಮಾಸ್ತರ ಮನಿಗೆ ಬಂದಿದ್ರಲ್ಲರೀ, ಕೂದಲಾ ಕತ್ತರಿಸಿಕೊಂಡ ಹೆಣ್ಮಗಳು, ಆ ಬಾಯಿ. ಚಿತ್ರಾ ಬರೀತಾರಂತ. ನಿಮ್ಮ ಬಾಗಲದಾಗಿನ ರಂಗೋಲಿ ನೋಡಿ ನಿಂತೇ ಬಿಟ್ರು."

ಕೈಯಲ್ಲಿದ್ದ ಚಾದರವನ್ನು ನಾನು ಎಷ್ಟು ಜೋರಾಗಿ ಹಿಂಡಿದೆನೆಂದರೆ ಅಂಚಿನ ಹೊಲಿಗೆ ಬಿಚ್ಚಿಕೊಂಡಿತು. ನಮ್ಮ ಬಾಗಿಲು. ನಮ್ಮ ಬಾಗಿಲಿನದ್ದೇ.

ಆಗ ನಾವು ಮಾಟುಂಗದ ಒಂದು ಚಾಳಿನ ಮೊದಲ ಮಾಳಿಗೆಯಲ್ಲಿದ್ದೆವು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷಗಳಾಗಿದ್ದಿರಬೇಕು. ನಾನು ಉಡುಪಿ ಕಡೆಯವಳು. ನಮ್ಮ ಯಜಮಾನರು ಹತ್ತಿರದ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತು ಹಣ ಎಣಿಸಿಕೊಳ್ಳುತ್ತಿದ್ದರು. ಪಕ್ಕದವಳು ಧಾರವಾಡದವಳು, ನನಗಿಂತ ಆರೇಳು ವರ್ಷ ಚಿಕ್ಕವಳು; ಅವಳ ಗಂಡನಿಗೆ ರೈಲ್ವೆ ಆಫೀಸಿನಲ್ಲಿ ಕೆಲಸ. ಎರಡು ಬಾಗಿಲುಗಳ ನಡುವೆ ಒಂದು ಮೊಳದ ಗೋಡೆ. ಊರು ಬೇರೆ, ಮಾತು ಬೇರೆ, ಆದರೆ ನಮ್ಮಿಬ್ಬರಲ್ಲಿ ಒಂದು ಒಪ್ಪಂದವಿತ್ತು. ತಿಂಗಳಿನ ಆ ಮೂರು ದಿನ ನಾನು ಒಳಗೆ ಮೂಲೆಯಲ್ಲಿ ಕೂತಾಗ ನಮ್ಮ ಹೊಸ್ತಿಲಿಗೆ ನೀರು ಹಾಕಿ ರಂಗೋಲಿ ಬರೆಯುವುದು ಅವಳ ಕೆಲಸ. ಅವಳು ಕೂತಾಗ ಅವರ ಹೊಸ್ತಿಲು ನನ್ನದು. ಬಾಗಿಲು ಬೋಳಾಗಿ ಇರಬಾರದಲ್ಲ, ಅದಕ್ಕೆ.

ಚುಕ್ಕಿ ಇಟ್ಟು, ಒಂದೇ ಎಳೆಯಲ್ಲಿ ಕೈ ಎತ್ತದೆ ಎಲ್ಲ ಚುಕ್ಕಿಗಳನ್ನೂ ಸುತ್ತಿ, ಹೊರಟಲ್ಲಿಗೇ ಬಂದು ಸೇರುವ ರಂಗೋಲಿ ಅದು. ನನ್ನ ಅಮ್ಮ ಕಲಿಸಿದ್ದು. ಧಾರವಾಡದವಳಿಗೆ ಬಂದ ಹೊಸದರಲ್ಲಿ ಹೂ, ಗೋಪದ್ಮ ಬಿಟ್ಟು ಇದು ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ನನ್ನ ಬೆನ್ನ ಹಿಂದೆ ನಿಂತು ನೋಡಿ ನೋಡಿಯೇ ಒಂಬತ್ತು ಚುಕ್ಕಿಯದನ್ನು ಕಲಿತಳು. ನಾನಾಗಿ ಕರೆದು ಹೇಳಿಕೊಟ್ಟದ್ದಲ್ಲ, ಬೇಡವೆಂದದ್ದೂ ಅಲ್ಲ.

ಆ ಕೂದಲು ಕತ್ತರಿಸಿಕೊಂಡ ಬಾಯಿ ಬಂದದ್ದು ನನ್ನ ಎರಡನೆಯ ದಿನ. ಹೊರಗೆ ಯಾರೋ ಹಿಂದಿಯಲ್ಲಿ ಮಾತಾಡುವುದು ಕೇಳಿಸಿತ್ತು. ಯಾರೆಂದು ಇಣುಕಬಹುದಿತ್ತು. ಮುಟ್ಟಬಾರದು ಎಂದಿತ್ತೇ ಹೊರತು ಮಾತಾಡಬಾರದು ಎಂದೇನೂ ಇರಲಿಲ್ಲ. ಆದರೆ ಗುರುತಿಲ್ಲದವರ ಎದುರಿಗೆ ಹಾಗೆ ಕೂತಲ್ಲಿಂದ ಎದ್ದುಹೋಗುವುದು ನಾಚಿಕೆ. ಸುಮ್ಮನೆ ಗೋಡೆಗೆ ಒರಗಿ ಕೂತಿದ್ದೆ.

ನಾನು ಬೇಡಿದ್ದಕ್ಕಿಂತ ದೇವರು ಹೆಚ್ಚೇ ಕೊಟ್ಟಿದ್ದಾನೆ ಎಂದು ನಂಬಿಕೊಂಡು ಬಂದವಳು ನಾನು. ದೀಪ ಹಚ್ಚಿ ಕೃಷ್ಣನ ಪಟದೆದುರು ಕೂತಾಗ ಆ ದಿನದ ಒಳ್ಳೆಯದನ್ನೆಲ್ಲ ಬೆರಳಲ್ಲಿ ಎಣಿಸುವ ಅಭ್ಯಾಸ. ಮೂರು ದಿನ ಹೋಟೆಲಿನಿಂದ ಡಬ್ಬಿಯಲ್ಲಿ ಊಟ ಬಂತು, ಒಂದು. ಮಗಳ ಕೆಮ್ಮು ನಿಂತಿತು, ಎರಡು. ಸುದ್ದಿ ಕೇಳಿದ ಆ ಸಂಜೆ ಎರಡರಾಚೆ ಬೆರಳು ಹೋಗಲೇ ಇಲ್ಲ. ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಿತ್ತು. ಅವಳನ್ನು ಫೋರ್ಟಿಗೆ ಕರೆದರು ಎನ್ನುವುದಕ್ಕಿಂತ, ಅವಳು ಅದನ್ನು ನನಗೇ ಬಂದು ಅಷ್ಟು ಸಂತೋಷದಿಂದ ಹೇಳಿದಳಲ್ಲ, ಅದು.

ಎರಡು ದಿನ ಬಿಟ್ಟು ಬಂದಳು. ಕೈಯಲ್ಲಿ ಪುಡಿಯ ಡಬ್ಬಿ.

"ಅಕ್ಕಾರ, ಜಾಗಾ ದೊಡ್ಡದದ ಅಂತ. ಒಂಬತ್ತು ಚುಕ್ಕಿ ಸಾಲೂದಿಲ್ಲ. ಹಬ್ಬಕ್ಕ ನೀವು ಹಾಕ್ತೀರಲ್ಲ, ಹದಿನೈದರದು, ಅದನ್ನ ತೋರಿಸ್ರಿ."

ಹದಿನೈದರದ್ದು ಅಮ್ಮ ಸಾಯುವ ವರ್ಷ ನನ್ನ ಕೈ ಹಿಡಿದು ಬರೆಸಿದ್ದು. ನಾಲ್ಕು ಮೂಲೆಗಳಲ್ಲಿ ಎಳೆ ಹೊರಗಿನ ಚುಕ್ಕಿಯನ್ನು ದಾಟಿ ಹೋಗಿ, ಹಿಂದಿನಿಂದ ಸುತ್ತಿ ಒಳಗೆ ಬರಬೇಕು. ಅದು ತಪ್ಪಿದರೆ ಚುಕ್ಕಿ ಹೊರಗೇ ಉಳಿಯುತ್ತದೆ. ಒಂದು ಚುಕ್ಕಿ ಹೊರಗೆ ಬಿಟ್ಟರೂ ಅಮ್ಮ ಎಲ್ಲ ಅಳಿಸಿ ಮೊದಲಿನಿಂದ ಬರೆಸುತ್ತಿದ್ದಳು. ಮನೆಗೆ ಬಂದವರನ್ನು ಮೆಟ್ಟಿಲಲ್ಲೇ ನಿಲ್ಲಿಸಿದ ಹಾಗೆ ಅದು, ಎನ್ನುತ್ತಿದ್ದಳು.

ಇಲ್ಲ ಎನ್ನಲು ಬಾಯಿ ಬರಲಿಲ್ಲ. ತೋರಿಸಿದೆ. ಆದರೆ ಹೇಗೆ ತೋರಿಸಿದೆ! ಕೈ ಎಷ್ಟು ಬೇಗ ಓಡಿಸಿದೆನೆಂದರೆ ಮೂಲೆಗಳಲ್ಲಿ ಅವಳ ಕಣ್ಣು ಹಿಂದೆ ಬೀಳುವುದು ನನಗೇ ಕಾಣುತ್ತಿತ್ತು.

"ಮತ್ತೊಮ್ಮೆ ಸಾವಕಾಶ ತೋರಿಸ್ರಿ."

"ಹಾಲು ಒಲೆ ಮೇಲುಂಟು ಮಾರಾಯ್ತಿ, ಉಕ್ಕಿದ್ರೆ ಕಷ್ಟ," ಎಂದು ಎದ್ದೆ. ಒಲೆಯ ಮೇಲೆ ಹಾಲೂ ಇರಲಿಲ್ಲ, ಏನೂ ಇರಲಿಲ್ಲ. ಒಳಗೆ ಹೋಗಿ ಖಾಲಿ ಪಾತ್ರೆಯೊಂದನ್ನು ಸದ್ದು ಮಾಡಿದೆ. ತಿರುಗಿ ಬರುವಷ್ಟರಲ್ಲಿ ಅವಳು ಹೋಗಿದ್ದಳು. ಅವಳ ಮನೆಯ ಒಳಗಿನ ನೆಲದಲ್ಲಿ ಬರೆಯುವುದು, ಸೆರಗಿನಿಂದ ಒರೆಸುವುದು, ಮತ್ತೆ ಬರೆಯುವುದು, ಮಧ್ಯಾಹ್ನವಿಡೀ ನಲ್ಲಿಗೆ ಹೋಗಿ ಬರುವಾಗೆಲ್ಲ ತೆರೆದ ಬಾಗಿಲಿನಿಂದ ಕಾಣುತ್ತಿತ್ತು.

ಹೋಗುವ ದಿನ ಬಾಗಿಲಿಗೆ ಬಂದು ನಿಂತಳು. ಮಾವಿನಕಾಯಿ ಬಣ್ಣದ ಇಳಕಲ್ ಸೀರೆ, ತಲೆ ತುಂಬ ಮಾಟುಂಗ ಮಾರ್ಕೆಟ್ಟಿನ ಮಲ್ಲಿಗೆ.

"ನಡೀರಿ ಅಕ್ಕಾರ. ನೀವು ಬರದಿದ್ರ ನಾ ಒಬ್ಬಾಕಿ ಹ್ಯಾಂಗ ಹೋಗ್ಲಿ? ಇವ್ರು ಆಫೀಸಿಗೆ ರಜಾ ಹಾಕೂದಿಲ್ಲ ಅಂದ್ರು."

ಆ ಬೆಳಿಗ್ಗೆ ನಾನು ದೇವರೆದುರು ಮೊದಲು ಬೇಡಿದ್ದು ಲೋಕಲ್ ಟ್ರೇನು ನಿಂತುಹೋಗಲಿ ಎಂದು. ಅದನ್ನು ಬೇಡಿ ಆದ ಮೇಲೆ, ಇಂಥ ಬುದ್ಧಿ ನನಗೆ ಕೊಡಬೇಡ ಎಂದೂ ಬೇಡಿದೆ. ಟ್ರೇನು ಸರಿಯಾದ ಹೊತ್ತಿಗೇ ಬಂತು. ಕಿಟಕಿಯ ಜಾಗವೂ ಸಿಕ್ಕಿತು. ಅದನ್ನೂ ಅವಳಿಗೇ ಬಿಟ್ಟುಕೊಡಬೇಕಾಯಿತು, ಜನರ ನಡುವೆ ಹೂ ನಲುಗಬಾರದೆಂದು.

ವೀಟಿ ಸ್ಟೇಷನ್ನಿನಲ್ಲಿ ಇಳಿದು ಫೋರ್ಟಿನ ದಾರಿ ಕೇಳಿಕೊಂಡು ಕೇಳಿಕೊಂಡು ಹೋದೆವು. ಚಿತ್ರ ಪ್ರದರ್ಶನದ ಗ್ಯಾಲರಿ ಎಂದರೆ ಅರಮನೆಯಂತಿರುತ್ತದೆ ಎಂದುಕೊಂಡಿದ್ದೆ. ಅದು ಚಿತ್ರಗಳಿಗೆ ಚೌಕಟ್ಟು ಕಟ್ಟುವ ಒಂದು ಅಂಗಡಿಯ ಹಿಂದಿನ ಕೋಣೆ, ನಮ್ಮ ಎರಡು ಮನೆ ಸೇರಿಸಿದಷ್ಟು. ಬಾಗಿಲಲ್ಲಿ ನಾವಿಬ್ಬರೂ ಚಪ್ಪಲಿ ಬಿಟ್ಟೆವು. ಒಳಗೆ ನೋಡಿದರೆ ಎಲ್ಲರ ಕಾಲಲ್ಲೂ ಬೂಟು. ಗೋಡೆಯ ತುಂಬ ಚಿತ್ರಗಳು. ಒಂದರಲ್ಲಿ ಒಬ್ಬ ಹೆಂಗಸು, ಎರಡು ಕಣ್ಣೂ ಮೂಗಿನ ಒಂದೇ ಬದಿಗೆ. ಇನ್ನೊಂದರಲ್ಲಿ ಕೆಂಪು ಬಿಟ್ಟರೆ ಬೇರೇನೂ ಇಲ್ಲ, ನಡುವೆ ಒಂದು ಕಪ್ಪು ಗೀಟು.

"ಇದನ್ನ ಯಾವ ಕಡೆಯಿಂದ ನೋಡೂದ್ರೀ?" ಎಂದು ಅವಳು ನನ್ನ ಕಿವಿಯಲ್ಲಿ ಕೇಳಿದಳು.

"ದೂರದಿಂದ," ಎಂದೆ. ಇಬ್ಬರೂ ಸೆರಗು ಬಾಯಿಗೆ ಹಿಡಿದು ನಕ್ಕೆವು. ಆ ಒಂದು ಗಳಿಗೆ ನನಗೆ ಎಲ್ಲ ಮರೆತುಹೋಗಿತ್ತು.

ಅಷ್ಟರಲ್ಲಿ ಆ ಬಾಯಿ ಬಂದರು. ಎರಡೂ ಕೈ ಹಿಡಿದು ಅವಳನ್ನು ನಡುವಿಗೆ ಕರೆದುಕೊಂಡು ಹೋದರು. ನನ್ನನ್ನು ನೋಡಿ ನಕ್ಕು ಒಂದು ಕುರ್ಚಿ ತೋರಿಸಿದರು, ಜೊತೆಗೆ ಬಂದವರಿಗೆ ತೋರಿಸುವ ಹಾಗೆ.

ಅವಳು ಕಲ್ಲಿನ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಚುಕ್ಕಿ ಇಟ್ಟಳು. ಸುತ್ತ ಹತ್ತಿಪ್ಪತ್ತು ಮಂದಿ, ಕೈಯಲ್ಲಿ ಚಹಾದ ಕಪ್ಪು. ಎಳೆ ಎಳೆಯತೊಡಗಿದಳು. ಚೆನ್ನಾಗಿಯೇ ಬಂತು. ಅಷ್ಟು ಚೆನ್ನಾಗಿ ಬರಬಾರದಿತ್ತು ಎಂದು ನನಗೆ ಅನಿಸುತ್ತಿತ್ತು. ಮೊದಲ ಮೂಲೆ ಸರಿಯಾಯಿತು. ಎರಡನೆಯದೂ, ಮೂರನೆಯದೂ. ನಾಲ್ಕನೆಯ ಮೂಲೆಗೆ ಬಂದಾಗ ಕೈ ನಿಂತಿತು. ಎಳೆ ಚುಕ್ಕಿಯ ಯಾವ ಬದಿಗೆ ಹೋಗಬೇಕೆಂದು ಗೊತ್ತಾಗಲಿಲ್ಲ. ತಲೆಯೆತ್ತಿ ಆ ಬೂಟುಗಳ ನಡುವಿನಿಂದ ನನ್ನ ಮುಖ ನೋಡಿದಳು.

ಬೆರಳಿನಿಂದ ಒಂದು ಸನ್ನೆ ಸಾಕಿತ್ತು. ಹೊರಗಿನಿಂದ ಸುತ್ತು ಎಂದು ತುಟಿ ಅಲ್ಲಾಡಿಸಿದ್ದರೂ ಸಾಕಿತ್ತು. ನಾನು ಮುಖ ತಿರುಗಿಸಿ ಆ ಕೆಂಪು ಚಿತ್ರವನ್ನು ನೋಡುತ್ತಾ ಕೂತೆ.

ತಿರುಗಿ ನೋಡಿದಾಗ ಮುಗಿದಿತ್ತು. ಎಳೆ ಒಳಗಿನಿಂದಲೇ ತಿರುಗಿ ಹೋಗಿ ಸೇರಿತ್ತು. ನಾಲ್ಕನೆಯ ಮೂಲೆಯ ಚುಕ್ಕಿ ಒಂಟಿಯಾಗಿ ಹೊರಗೆ ಉಳಿದಿತ್ತು. ಈಗ ಗೊತ್ತಾಗುತ್ತದೆ ಎಲ್ಲರಿಗೂ, ಎಂದುಕೊಂಡೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಗಡ್ಡದ ಒಬ್ಬ ಮಹನೀಯರು ಮುಂದೆ ಬಂದು, ಬಗ್ಗಿ, ಸರಿಯಾಗಿ ಆ ಚುಕ್ಕಿಗೇ ಬೆರಳು ತೋರಿಸಿ ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ನನ್ನ ಜೀವ ತಂಪಾಯಿತು. ಪಕ್ಕದಲ್ಲಿ ನಿಂತಿದ್ದ ಮರಾಠಿ ಹುಡುಗಿಯನ್ನು ಏನು ಹೇಳಿದ್ದೆಂದು ಕೇಳಿದೆ. ನಮ್ಮ ಓಣಿಯ ಸಹವಾಸದಿಂದ ಅಷ್ಟು ಮರಾಠಿ ನನಗೆ ಬರುತ್ತಿತ್ತು. ಆ ಹುಡುಗಿ ಹೇಳಿದ್ದು ಇಷ್ಟು: ಇಡೀ ರಂಗೋಲಿಯಲ್ಲಿ ತನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಹೊರಗೆ ಬಿಟ್ಟ ಆ ಒಂದು ಚುಕ್ಕಿ ಎನ್ನುತ್ತಿದ್ದಾರೆ ಅವರು, ಇಷ್ಟು ಧೈರ್ಯ ಈ ಗೋಡೆಯ ಮೇಲಿನ ಯಾವ ಚಿತ್ರಕ್ಕೂ ಇಲ್ಲವಂತೆ.

ನನಗೆ ಅಳು ಬಂತು. ಅಮ್ಮ ಎಷ್ಟು ಸಲ ನನ್ನಿಂದ ಅಳಿಸಿ ಬರೆಸಿದ್ದಳು!

ಆ ಬಾಯಿ ನೆಲದ ಹತ್ತಿರ ಒಂದು ಕಾಗದದ ಚೀಟಿ ಇಟ್ಟರು. ಅವಳ ಹೆಸರು ಬರೆದಿರುತ್ತಾರೆಂದುಕೊಂಡೆ. ಅದನ್ನೂ ಆ ಹುಡುಗಿಯಿಂದಲೇ ಓದಿಸಿದೆ. "ಮಾಟುಂಗದ ಒಬ್ಬ ಗೃಹಿಣಿ ಬರೆದದ್ದು" ಎಂದಿತ್ತು. ಗೋಡೆಯ ಮೇಲಿನ ಚಿತ್ರಗಳಿಗೆಲ್ಲ ಹೆಸರುಗಳಿದ್ದವು. ಇದಕ್ಕೆ ಮಾತ್ರ ಇಷ್ಟೇ. ಹೆಸರು ಹಾಕಲಿಲ್ಲವಲ್ಲ ಎಂದು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಮಾಟುಂಗದ ಗೃಹಿಣಿ ನಾನೂ ಅಲ್ಲವೇ ಎಂಬ ಯೋಚನೆ ಬಂದು ಇನ್ನಷ್ಟು ಉರಿಯಿತು.

ತಿರುಗಿ ಬರುವಾಗ ಲೋಕಲಿನಲ್ಲಿ ಎದುರುಬದುರು ಕೂತೆವು. ಅವಳೇ ಮಾತು ತೆಗೆದಳು.

"ನಾಲ್ಕನೇ ಮೂಲ್ಯಾಗ ನಾ ನಿಮ್ಮ ಮುಖಾ ನೋಡಿದೆ ಅಕ್ಕಾರ."

"ಹೌದು."

"ನೀವೂ ನೋಡಿದ್ರಿ."

ಸುಳ್ಳು ಹೇಳಲು ಬಾಯಿ ತೆರೆದೆ. ಹಾಲಿನ ನೆಪಕ್ಕೆ ಒಮ್ಮೆ ಖಾಲಿ ಪಾತ್ರೆ ಸದ್ದು ಮಾಡಿದ್ದೆನಲ್ಲ, ಇನ್ನೊಂದು ಮಾಡಲು ಮನಸ್ಸಾಗಲಿಲ್ಲ.

"ನೋಡಿದೆ. ಹೇಳ್ಬಾರದು ಅಂತಲೇ ಹೇಳ್ಲಿಲ್ಲ. ಅದು ನನ್ನ ಅಮ್ಮನದ್ದು. ನೀನು ಅಲ್ಲಿ ಕೂತದ್ದು ನನಗೆ ತಡೀಲಿಕ್ಕೆ ಆಗ್ಲಿಲ್ಲ ಮಾರಾಯ್ತಿ."

ಅವಳು ಕಿಟಕಿಯ ಸರಳು ಹಿಡಿದುಕೊಂಡಳು. ಹೊರಗೆ ನೋಡುತ್ತಲೇ ಹೇಳಿದಳು.

"ಅವ್ರು ಬಂದ ದಿನಾನ ನಾ ಆ ಬಾಯಿಗೆ ಹೇಳೀನ್ರೀ, ಇದು ನನ್ನದಲ್ಲ, ಒಳಗಿನ ಅಕ್ಕಾರದು ಅಂತ. ಹಂಗಾರ ಕರೀ ಅಂದ್ರು. ಅವ್ರು ಮೂರು ದಿನಾ ಹೊರಗ ಬರೂದಿಲ್ಲ ಅಂದೆ. ಬೀಮಾರ್ ಹೈ ಕ್ಯಾ, ಜಡ್ಡಾಗ್ಯದೇನು ಅಂದ್ರು. ನಾ ಹೂಂ ಅಂದೆ. ಮತ್ತೇನು ಹೇಳ್ಲಿ, ನನ್ನ ಹಿಂದಿಯೊಳಗ?"

ಬಾಗಿಲಿನ ಈಚೆಗೆ ಗೋಡೆಗೆ ಒರಗಿ ನಾನು ಕೇಳಿದ್ದ ಗುಜುಗುಜು ಅದೇ. ಎದ್ದು ತಲೆ ಹೊರಗೆ ಹಾಕಿದ್ದರೆ ಮುಗಿಯುತ್ತಿತ್ತು. ಆದರೂ ನನ್ನ ಕೆಟ್ಟ ಬುದ್ಧಿ ಬಿಡಲಿಲ್ಲ.

"ನಾಲ್ಕನೇ ದಿನ ನಾನು ಎದ್ದೆನಲ್ಲ. ಆಮೇಲೆ ಹೇಳ್ಬಹುದಿತ್ತಲ್ಲ?"

"ಹೇಳಬಹುದಿತ್ತು," ಎಂದಳು. ಮುಖ ಕೆಂಪಾಗಿತ್ತು. "ನಂಗೂ ಆಸೆ ಆತರೀ ಅಕ್ಕಾರ. ಜೀವನದಾಗ ಯಾರೂ ನನ್ನ ಎಲ್ಲಿಗೂ ಕರದಿದ್ದಿಲ್ಲ."

ನನ್ನನ್ನೂ ಯಾರೂ ಕರೆದಿರಲಿಲ್ಲ. ಮಾಟುಂಗ ಬಂತು, ಇಳಿದೆವು. ಜನರ ನೂಕುನುಗ್ಗಲಿನಲ್ಲಿ ಅವಳು ನನ್ನ ಸೆರಗಿನ ತುದಿ ಹಿಡಿದುಕೊಂಡು ಬಂದಳು, ಬಿಡಿಸಿಕೊಳ್ಳಲಿಲ್ಲ ನಾನು.

ಅಸೂಯೆ ಅಂದೇ ಹೋಯಿತು ಎಂದು ಬರೆದರೆ ದೇವರು ಮೆಚ್ಚುವುದಿಲ್ಲ. ಆ ವಾರವಿಡೀ ಚಾಳಿನ ಹೆಂಗಸರು ಅವಳನ್ನು ಹಿಡಿದು ನಿಲ್ಲಿಸಿ ಗ್ಯಾಲರಿಯ ಕಥೆ ಕೇಳುವಾಗ ನಾನು ಬೇಕೆಂದೇ ಆ ಕಡೆ ಹೋಗುತ್ತಿರಲಿಲ್ಲ. ನಾಲ್ಕನೆಯ ಮೂಲೆಯನ್ನು ಅವಳಿಗೆ ಸಾವಕಾಶವಾಗಿ ತೋರಿಸಲು ನನಗೆ ಒಂದು ತಿಂಗಳು ಹಿಡಿಯಿತು. ಆದರೆ ಅವಳೂ ನನ್ನ ಹಾಗೆಯೇ ಆಸೆಪಟ್ಟವಳು ಎಂದು ತಿಳಿದ ಮೇಲೆ ಕೆಂಡದ ಮೇಲೆ ಸ್ವಲ್ಪ ಬೂದಿ ಕೂತಿತು. ಅಷ್ಟನ್ನು ಒಂದು ಬೆರಳಿಗೆ ಎಣಿಸಬಹುದು.

ಗ್ಯಾಲರಿಯಿಂದ ಆ ಸಂಜೆ ಮನೆಗೆ ಬಂದಾಗ ಯಜಮಾನರು ಇನ್ನೂ ಹೋಟೆಲಿನಿಂದ ಬಂದಿರಲಿಲ್ಲ. "ಹೇಗಿತ್ತಮ್ಮಾ?" ಎಂದು ಮಗಳು ಕೇಳಿದಳು. "ಚೆನ್ನಾಗಿ ಹಾಕಿದಳು," ಎಂದೆ. ಹೇಳಲು ಕಷ್ಟವಾಯಿತು, ಆದರೆ ನಿಜವೇ ಅದು. ಬೆಳಿಗ್ಗೆ ನೆನೆಹಾಕಿದ್ದ ಉದ್ದು ಉಬ್ಬಿ ಪಾತ್ರೆಯ ಅಂಚಿಗೆ ಬಂದಿತ್ತು. ಸೀರೆ ಬದಲಾಯಿಸಿ, ಕೈಕಾಲು ತೊಳೆದು, ಕಡೆಯುವ ಕಲ್ಲಿನ ಮುಂದೆ ಕೂತು ಮೊದಲ ಹಿಡಿ ಉದ್ದು ಹಾಕಿದೆ.