ರೊಸೆಂಡಾಳ ಕಿವಿ, ದುಲೊನ ಪಾದ

ನಮ್ಮ ಗಿಮರಾಸ್ ದ್ವೀಪದ ಒಳನಾಡಿನ ಊರಿನಿಂದ ದೋಣಿಕಟ್ಟೆಗೆ ಜನರನ್ನು ಒಯ್ಯುವ ಉದ್ದನೆಯ ಜೀಪಿನಲ್ಲಿ, ಅಂದರೆ ಜೀಪ್ನಿಯಲ್ಲಿ, ರೊಸೆಂಡಾ ಇಪ್ಪತ್ತಮೂರು ವರ್ಷ ಒಂದೇ ಸೀಟಿನಲ್ಲಿ, ಡ್ರೈವರ್ ಪಕ್ಕದಲ್ಲಿ, ಕೂತಳು. ಡ್ರೈವರ್ ಅವಳ ಗಂಡ ತಿಯೊದುಲೊ, ಊರಿಗೆಲ್ಲ ದುಲೊ. ಬಟ್ಟೆ ಹೊಲಿಯುವ ನಾನು ಅವರ ಪಕ್ಕದ ಮನೆಯವಳು. ಎರಡೂ ಅಂಗಳಗಳ ನಡುವೆ ಒಂದು ಬಿದಿರಿನ ಬೇಲಿ ಇದೆ, ಅಷ್ಟೆ. ಹಾಗಾಗಿ ಆ ಮನೆಯ ಮಾತು ನನಗೆ ಕೇಳಿಸದೆ ಇರುವುದಿಲ್ಲ.

ಆ ವರ್ಷ ಮಾವಿನ ಕೊಯ್ಲು ಮುಗಿಯುವ ಹೊತ್ತಿಗೆ ರೊಸೆಂಡಾ ಒಂದೇ ರಾಗ ಹಿಡಿದಿದ್ದಳು. "ಗಾಡಿ ಹೊಟ್ಟೇಲಿ ಏನೋ ಗುಂಯ್ ಅಂತಿದೆ ಕಣೋ. ಮೂರನೇ ಗೇರಿಗೆ ಹಾಕಿದ್ರೆ ಜೋರಾಗತ್ತೆ."

"ದುಂಬಿ ಕೂತಿರೋದು ಗಾಡೀಲಲ್ಲ, ನಿನ್ನ ಕಿವೀಲಿ," ಎನ್ನುತ್ತಿದ್ದ ದುಲೊ.

ಒಂದು ಭಾನುವಾರ ಚರ್ಚಿನಿಂದ ಬಂದವಳೇ ಹಳೆಯ ಸ್ಕರ್ಟು ಸುತ್ತಿಕೊಂಡು ಗಾಡಿಯ ಅಡಿಗೆ ತೂರಿದಳು. ಗೇರ್‌ಪೆಟ್ಟಿಗೆಯಿಂದ ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಶಾಫ್ಟು ಜೀಪ್ನಿಯಲ್ಲಿ ಎರಡು ತುಂಡಾಗಿರುತ್ತದೆ. ನಡುವೆ ಅದನ್ನು ಎತ್ತಿ ಹಿಡಿಯುವುದು ರಬ್ಬರಿನ ಮೆತ್ತೆಯೊಳಗೆ ಕೂತ ಒಂದು ಬೇರಿಂಗು. ಅವಳು ಶಾಫ್ಟನ್ನು ಕೈಯಿಂದ ಅಲ್ಲಾಡಿಸಿದಳು. ಸಡಿಲ ಹಲ್ಲಿನಂತೆ ಆಡಿತು. ರಬ್ಬರು ಹರಿದು ನೇತಾಡುತ್ತಿತ್ತು.

ಎದ್ದು ಬಂದು ಹರಿದ ರಬ್ಬರಿನ ಚೂರನ್ನು ಗಂಡನ ಅಂಗೈಗಿಟ್ಟಳು. "ತಗೋ, ನಿನ್ನ ದುಂಬಿಯ ರೆಕ್ಕೆ."

ದುಲೊ ಅದನ್ನು ಜೇಬಿಗೆ ಹಾಕಿಕೊಂಡ. ಸೋಮವಾರವೇ ದೋಣಿಯಲ್ಲಿ ಕಡಲು ದಾಟಿ ಇಲೊಯ್ಲೊ ಪೇಟೆಯಿಂದ ಹೊಸ ಬೇರಿಂಗು ತಂದ. ಮಂಗಳವಾರ ಬೆಳಿಗ್ಗೆ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಎತ್ತಿ ದಪ್ಪ ಮರದ ದಿಮ್ಮಿಗಳ ಮೇಲೆ ಕೂರಿಸಿದ. ಆದರೆ ಅವನ ಹೊಟ್ಟೆ ಗಾಡಿಯಡಿ ಹಿಡಿಸಲಿಲ್ಲ.

"ಇನ್ನೊಂದ್ ತಟ್ಟೆ ಹಂದಿಸಾರು ತಿನ್ನು, ಅಂಗಳದಲ್ಲೂ ಹಿಡಿಸಲ್ಲ," ಎನ್ನುತ್ತ ರೊಸೆಂಡಾಳೇ ಸ್ಪ್ಯಾನರು ಹಿಡಿದು ಒಳಗೆ ಮಲಗಿದಳು. ದುಲೊ ಹೊರಗಿನಿಂದ ಚಕ್ರ ತಿರುಗಿಸಬೇಕು. ಶಾಫ್ಟು ತಿರುಗಿ ಬೋಲ್ಟು ಕೈಗೆ ಸಿಗುವಾಗ ನಿಲ್ಲಿಸಬೇಕು. ಮೂರು ಬೋಲ್ಟು ಸಲೀಸಾಗಿ ಬಂದವು. ನಾಲ್ಕನೆಯದಕ್ಕೆ ಸ್ಪ್ಯಾನರು ಸಿಕ್ಕಿಸಿದ್ದಾಗಲೇ ಚಕ್ರ ಹೊರಳಿತು.

"ನಿಲ್ಸು! ದುಲೊ, ನಿಲ್ಸೋ!"

ನನಗೆ ಬೇಲಿಯಾಚೆ ಹೊಲಿಗೆ ಯಂತ್ರದ ಸದ್ದಿನಲ್ಲೂ ಕೇಳಿಸಿತು. ಅವಳಿಂದ ಒಂದೇ ಮಾರು ದೂರದಲ್ಲಿದ್ದ ದುಲೊ ತಿರುಗಿಸುತ್ತಲೇ ಇದ್ದ. ಸ್ಪ್ಯಾನರಿಗೂ ಗಾಡಿಯ ಚೌಕಟ್ಟಿಗೂ ನಡುವೆ ಅವಳ ತೋರುಬೆರಳು ಸಿಕ್ಕಿಕೊಂಡಿತು.

ನಾನು ಓಡಿಹೋದಾಗ ಅವಳು ರಕ್ತ ಒಸರುವ ಬೆರಳನ್ನು ಬಾಯಲ್ಲಿಟ್ಟುಕೊಂಡು ಹೊರಗೆ ಬರುತ್ತಿದ್ದಳು. ದುಲೊ ಇನ್ನೂ ಚಕ್ರ ಹಿಡಿದು ನಮಗೆ ಬೆನ್ನು ಮಾಡಿ ನಿಂತಿದ್ದ. ಅವಳು ನನಗೆ ಸುಮ್ಮನಿರು ಎಂದು ಸನ್ನೆ ಮಾಡಿ, ಅವನ ಹಿಂದೆ ನಿಂತು ಮಾಮೂಲಿ ದನಿಯಲ್ಲಿ ಹೇಳಿದಳು: "ದುಲೊ, ಅಡುಗೆಮನೆಗೆ ಬೆಂಕಿ ಬಿದ್ದಿದೆ."

ಅವನು ತಿರುಗಿ ನೋಡಲಿಲ್ಲ.

ರೊಸೆಂಡಾಳ ಮುಖದಲ್ಲಿದ್ದ ಸಿಟ್ಟು ಇಳಿದುಹೋಯಿತು. ಮುಂದೆ ಹೋಗಿ, ಅವನಿಗೆ ತನ್ನ ತುಟಿ ಕಾಣುವ ಹಾಗೆ ನಿಂತು, "ಯಾವಾಗಿಂದ?" ಎಂದಳು.

ಅವನು ಮೊದಲು ಅವಳ ಬೆರಳು ನೋಡಿದ, ಆಮೇಲೆ ನನ್ನನ್ನು. ಪಕ್ಕದಲ್ಲಿ ಉಳಿದಿದ್ದ ದಿಮ್ಮಿಯ ಮೇಲೆ ಕುಳಿತು ಹೇಳಿದ. "ಎರಡು ವರ್ಷ ಆಯ್ತು."

"ಮತ್ತೆ ಇಳಿಯೋರು ಕೂಗಿದ್ರೆ ಸರಿಯಾಗಿ ನಿಲ್ಲಿಸ್ತಿದ್ಯಲ್ಲ?"

"ನೀನು ನನ್ನ ತೊಡೆ ತಟ್ತಿದ್ದೆಯಲ್ಲ."

ರೊಸೆಂಡಾ ಅವನ ಪಕ್ಕ ಕುಳಿತಳು. ಬೈಯುತ್ತಾಳೆಂದು ನಾನು ಕಾದೆ. ಅವಳು, "ಅಕ್ಕಾ, ಒಂದು ಬಟ್ಟೆ ಚೂರು ಕೊಡು, ಬೆರಳಿಗೆ ಕಟ್ಟಬೇಕು," ಎಂದಳು, ಅಷ್ಟೆ.

ಕೆಲಸ ಅರ್ಧಕ್ಕೆ ನಿಲ್ಲುವಂತಿರಲಿಲ್ಲ. ಅಲ್ಲಿಂದ ಮುಂದೆ ಚಕ್ರ ತಿರುಗಿಸಬೇಕಾದರೆ ಅವಳು ಅವನ ಕಾಲಿಗೆ ಒಂದು ಸಲ ಒದೆಯುವುದು, ನಿಲ್ಲಿಸಲು ಎರಡು ಸಲ ಎಂದಾಯಿತು. ಶಾಫ್ಟನ್ನು ಕೆಳಗಿಳಿಸಿ, ಎರಡು ತುಂಡು ಬೇರ್ಪಡಿಸಿ, ಸವೆದ ಬೇರಿಂಗನ್ನು ಎಳೆದು ತೆಗೆದರು. ಹೊಸದನ್ನು ಕೂರಿಸಲು ದುಲೊ ಸರಿಯಾದ ಅಳತೆಯ ಪೈಪಿನ ತುಂಡು ಹುಡುಕಿದ. ಒಳಗಿನ ಉಂಗುರಕ್ಕಷ್ಟೇ ಪೆಟ್ಟು ಬೀಳುವಂತೆ, ಮಗುವಿನ ಬೆನ್ನು ತಟ್ಟುವ ಹಾಗೆ, ಮೆಲ್ಲಗೆ ಬಡಿದು ಇಳಿಸಿದ. ಆ ಕೈಗಳಿಗೆ ಏನೂ ಆಗಿರಲಿಲ್ಲ.

ಸಂಜೆ ಪರೀಕ್ಷೆಗೆಂದು ನಾವು ಮೂವರೂ ಹೊರಟೆವು. ಗುಂಯ್ ಎನ್ನುವ ಸದ್ದು ಹೋಗಿತ್ತು. ರೊಸೆಂಡಾ ನಕ್ಕು ಹೆಬ್ಬೆರಳು ಎತ್ತಿ ತೋರಿಸಿದಳು. ದುಲೊ ಮಾತ್ರ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಚಪ್ಪಲಿ ಬಿಚ್ಚಿದ. ಬರಿಗಾಲಲ್ಲಿ ಮತ್ತೆ ಒಂದು ಫರ್ಲಾಂಗು ಓಡಿಸಿದ.

"ನಡುಗ್ತಿದೆ," ಎಂದ. "ಸಣ್ಣಗೆ. ಕೂಡಿಸುವಾಗ ಶಾಫ್ಟು ಅದರ ಜಾಗ ತಪ್ಪಿದೆ. ಬಿಚ್ಚೋ ಮುಂಚೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ಯಲ್ಲ, ಅದನ್ನ ನಾನೇ ಡೀಸೆಲ್ಲಲ್ಲಿ ತೊಳೆದುಬಿಟ್ಟೆ."

"ನಂಗೇನೂ ಗೊತ್ತಾಗ್ತಿಲ್ಲ," ಎಂದಳು ರೊಸೆಂಡಾ, ಅವನಿಗೆ ಮುಖ ಕಾಣುವಂತೆ ಬಾಗಿ.

"ನಿಂಗೆ ಕಿವಿ ಇದೆ. ನಂಗೆ ಇದಿದೆ," ಎಂದು ಅವನು ಪಾದ ತಟ್ಟಿ ತೋರಿಸಿದ.

ಮರುದಿನ ಮತ್ತೆ ಬಿಚ್ಚಿದರು. ಎರಡು ತುಂಡುಗಳ ತುದಿಯ ಕವಲುಗಳು ಒಂದೇ ನೇರಕ್ಕೆ ಬರುವಂತೆ ತಿರುಗಿಸಿ ಕೂಡಿಸಿದ ಮೇಲೆ ಗಾಡಿ ದೋಣಿಯಷ್ಟು ಸಲೀಸಾಗಿ ಹೋಯಿತು.

ರೊಸೆಂಡಾ ಆ ವಾರವೇ ಅವನನ್ನು ಇಲೊಯ್ಲೊಗೆ ಕರೆದೊಯ್ದು ಕಿವಿ ತೋರಿಸಿದಳು. ಕೇಳುವ ಶಕ್ತಿ ವಾಪಸು ಬರುವುದು ಸ್ವಲ್ಪವೇ ಎಂದರಂತೆ ಡಾಕ್ಟರು. ದೋಣಿಯಲ್ಲೇ ಅವಳು ತೀರ್ಮಾನ ಮಾಡಿಬಿಟ್ಟಳು. ಐವತ್ತೊಂದರ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತಳು, ಕಲಿಸಿದವನು ದುಲೊನೇ. ಮೊದಲ ತಿಂಗಳು ನಮ್ಮ ಬೇಲಿಯನ್ನು ಎರಡು ಸಲ ಕೆಡವಿದಳು, ಎರಡು ಸಲವೂ ದುಲೊ ಕಟ್ಟಿಕೊಟ್ಟ.

ಈಗ ಸ್ಟೀರಿಂಗು ಅವಳ ಕೈಯಲ್ಲಿ. ದುಲೊ ಚಪ್ಪಲಿ ಬಿಚ್ಚಿಟ್ಟು ಪಕ್ಕದ ಸೀಟಿನಲ್ಲಿ ಕೂರುತ್ತಾನೆ. "ರೊಸೆಂಡಾ, ಎಷ್ಟು ಜೋರಾಗಿ ಓಡಿಸ್ತೀಯೇ! ನಿನ್ನ ಗಂಡನಿಗೆ ದೂರು ಹೇಳ್ತೀವಿ ನೋಡು," ಎಂದು ಹಿಂದಿನಿಂದ ಹೆಂಗಸರು ಕೂಗುತ್ತಾರೆ.

"ಹೇಳ್ರಮ್ಮಾ, ಧಾರಾಳವಾಗಿ ಹೇಳಿ," ಎನ್ನುತ್ತಾಳೆ ಅವಳು.